ಆಸ್ಪತ್ರೆಗೆ ಹೋಗಬೇಕಾಗಿತ್ತು

ಅವಳು ಅಂಗಿ ಹೊಲಿಯುತ್ತಿದ್ದಳು, ಗಂಡ ಪರ್ಷಿಯನ್ ಭಾಷೆ ಹೇಳಿಕೊಡುತ್ತಿದ್ದ. ಇಬ್ಬರ ಕೆಲಸಕ್ಕೂ ಒಂದೇ ಕೋಣೆ, ನಡುವೆ ಒಂದು ಪರದೆ. ಅವನು ಸತ್ತ ಇಪ್ಪತ್ತೆರಡನೆಯ ದಿನ ಮೂವರು ವಿದ್ಯಾರ್ಥಿಗಳು ಬಂದರು: ಒಬ್ಬ ಕ್ಷೌರಿಕ, ಒಬ್ಬಳು ನರ್ಸ್, ಕೆಲಸ ಬಿಟ್ಟ ಒಬ್ಬ ಲಾರಿ ಡ್ರೈವರ್. ಅರ್ಧಕ್ಕೆ ನಿಂತ ಪಾಠವನ್ನು ಅಲ್ಲೇ ಕೂತು ಮುಗಿಸುತ್ತೇವೆ ಅಂದರು. ಅವಳು ಹೂಂ ಅಂದಳು.

ಕಪ್ಪುಹಲಗೆಯ ಮೇಲೆ ಅವನ ಅಕ್ಷರ ಇನ್ನೂ ಇತ್ತು. ಮಾಡಬೇಕಾಗಿದ್ದು ಮಾಡದೇ ಹೋದದ್ದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದು ಎಂಬ ಪಾಠ. ಪುಸ್ತಕದ ಉದಾಹರಣೆ ಅವನಿಗೆ ಆಗಿಬರುತ್ತಿರಲಿಲ್ಲ. ಪ್ರತಿಯೊಬ್ಬರೂ ಸ್ವಂತದ್ದೇ ತರಬೇಕು.

"ಬಾಯದ್ ಮೀರಫ್ತಮ್," ಎಂದ ಡ್ರೈವರ್. "ಹೋಗ್ಬೇಕಾಗಿತ್ತು. ಮಗಳ ಸ್ಕೂಲಿಗೆ ಒಂದ್ಸಲಾನೂ ಹೋಗ್ಲಿಲ್ಲ."

"ಅವಳ ಮಗನೇ ಸ್ಕೂಲು ಮುಗ್ಸಿದ್ನಲ್ಲಣ್ಣ," ಎಂದಳು ನರ್ಸ್. "ಈಗ್ಲೇ ಹೋಗಿ, ಕೊನೇ ಬೆಂಚಲ್ಲಿ ಜಾಗ ಕೊಟ್ಟಾರು."

ನಕ್ಕರು. ಪರದೆಯ ಆಚೆ ಹೊಲಿಗೆ ಮಿಷನ್ ನಿಂತಿತು.

ಸತ್ತ ದಿನ ಬೆಳಿಗ್ಗೆ ಗಂಡ ಎದೆ ಭಾರ ಅಂದಿದ್ದ, ಆಸ್ಪತ್ರೆಗೆ ಹೋಗೋಣ ಅಂದಿದ್ದ. ನಾಲ್ಕು ಕಾಲರ್ ಉಳಿದಿವೆ, ತಡೀರಿ ಅಂದಿದ್ದಳು. ಮೂರನೆಯದು ಮುಗಿಯುವ ಹೊತ್ತಿಗೆ ಅವನು ಕುರ್ಚಿಯಿಂದ ಜಾರಿದ್ದ. ಬಂದವರಿಗೆಲ್ಲ, ಒಂದು ಮಾತೂ ಆಡದೆ ಹೋಗಿಬಿಟ್ಟರು ಎಂದು ಸುಳ್ಳು ಹೇಳಿದ್ದಳು.

ಪರದೆ ಸರಿಸಿ ಬಂದಳು.

"ನಂದೂ ಒಂದು ಬರ್ಕೊಳ್ಳಿ."

"ಹೇಳಿ ಅಕ್ಕಾ." ಕ್ಷೌರಿಕ ಸೀಮೆಸುಣ್ಣ ಎತ್ತಿಕೊಂಡ.

"ಅವರು ಆಸ್ಪತ್ರೆಗೆ ಹೋಗೋಣ ಅಂದ್ರು. ಕರ್ಕೊಂಡು ಹೋಗ್ಬೇಕಾಗಿತ್ತು. ಕಾಲರ್ ಹೊಲೀತಾ ಕೂತೆ."

ಕ್ಷೌರಿಕನ ಕೈ ಅಲ್ಲೇ ನಿಂತಿತು. "ಆದ್ರೆ ಅಕ್ಕಾ, ನಿಮಗೇನು ಗೊತ್ತಿತ್ತು..."

"ಆದ್ರೆ ಗೀದ್ರೆ ಬೇಡ," ಎಂದಳು ನರ್ಸ್. "ಈ ಪಾಠಕ್ಕೆ ನೆಪ ಸೇರಿಸ್ಬಾರ್ದು ಅಂತ ಮೇಷ್ಟ್ರು ಹೇಳಿಲ್ವಾ? ಅಕ್ಕ ಹೇಳಿದ್ದಷ್ಟೇ ಬರಿ."

ಅವನು ಅದನ್ನು ಪರ್ಷಿಯನ್ನಿನಲ್ಲಿ ಬಲದಿಂದ ಎಡಕ್ಕೆ ಬರೆದ. ಓದಿದ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಇನ್ನೊಂದು ಸಲ ಓದಿಸಿದಳು. ಯಾರೂ ಸಮಾಧಾನ ಹೇಳಲಿಲ್ಲ. ಅದೇ ಒಳ್ಳೆಯದಾಯಿತು.

"ಒರೆಸ್ಲಾ ಅಕ್ಕಾ?"

"ಇರ್ಲಿ."

ಡ್ರೈವರ್ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು, ಕ್ಷೌರಿಕನ ಕಡೆ ತಿರುಗಿದಳು.

"ನೀನು ಹೇಳಪ್ಪ ಈಗ. ನಿಂದೇನು?"