ಹಾಡು ಮುಗಿದ ಮೇಲಿನ ಸದ್ದು

ರಾಜಿ, ಆ ಕಾಗದಕ್ಕೆ ಉತ್ತರ ಬಂದಿತ್ತು.

ಇಷ್ಟು ಬರೆಯಲು ನನಗೆ ಹದಿನೈದು ವರ್ಷ ಹಿಡಿಯಿತು. ಬಂದಿತ್ತು — ನಾನು ಅಂಚೆಗೆ ಹಾಕಿದ ನಾಲ್ಕು ತಿಂಗಳಿಗೆ, ಮೇಟಗಳ್ಳಿಯ ನಮ್ಮ ಕ್ವಾರ್ಟರ್ಸ್ ವಿಳಾಸಕ್ಕೆ, ಮಡಚದ ಹಾಗೆ ಒಳಗೆ ರಟ್ಟು ಇಟ್ಟಿದ್ದ ಒಂದು ದೊಡ್ಡ ಲಕೋಟೆಯಲ್ಲಿ. ನೀನು ಕಾಲೇಜಿನ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು "ಬಂತೇನೇ?" ಎಂದು ಕೇಳಿದಾಗಲೆಲ್ಲ ನಾನು "ಇಲ್ಲ ಕಣೇ" ಎಂದೆ. ಮೊದಮೊದಲು ಹಾಗೆನ್ನುವಾಗ ನಿನ್ನ ಸೈಕಲ್ಲಿನ ಬೆಲ್ಲನ್ನೇ ನೋಡುತ್ತಿದ್ದೆ. ಆಮೇಲೆ ಅದೂ ನಿಂತಿತು. ಸುಳ್ಳಿಗೂ ಅಭ್ಯಾಸ ಎಂಬುದಿದೆ, ಏನು ಮಾಡಲಿ.

ಉತ್ತರದಲ್ಲಿ ಏನಿತ್ತು ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ನೀನು ಅದನ್ನಷ್ಟೇ ಓದುತ್ತೀಯ, ನನ್ನ ತಪ್ಪನ್ನು ಹಾಗೇ ದಾಟಿಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಈ ಸಲ ಹಾಗೆ ಆಗಬಾರದು.

ಎಲ್ಲ ಶುರುವಾದದ್ದು ನಿನ್ನ ಅಣ್ಣನಿಂದ. ಮಹದೇವಣ್ಣ ಆಗ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ನಮ್ಮ ತಂದೆ ಅಲ್ಲೇ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಹೊಸ ಯಂತ್ರ ಕೂರಿಸಲು ಬಂದಿದ್ದ ಒಬ್ಬ ವಿದೇಶಿ ಎಂಜಿನಿಯರು ಊರಿಗೆ ಹೊರಡುವಾಗ ತನ್ನ ನಾಡಿನ ಒಂದು ರಾಕ್ ಬ್ಯಾಂಡಿನ ಕ್ಯಾಸೆಟ್ಟನ್ನು ಮಹದೇವಣ್ಣನ ಕೈಗೆ ಕೊಟ್ಟು ಹೋದ. ಅದನ್ನು ಕುಂಬಾರಕೊಪ್ಪಲಿನ ನಿಮ್ಮ ಮನೆಯ ಟೇಪ್ ರೆಕಾರ್ಡರಿಗೆ ಹಾಕಿದ ಮೊದಲ ದಿನ ನಿಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದು, "ಏನ್ರವ್ವಾ ಇದು, ಪಾತ್ರೆ ಸ್ಟ್ಯಾಂಡ್ ಬಿದ್ಬುಡ್ತಾ?" ಎಂದಿದ್ದರು. ನಾವು ಮೂವರೂ ನಕ್ಕು ನಕ್ಕು ಸುಸ್ತಾಗಿದ್ದೆವು. ಆದರೆ ಸಂಜೆಯೊಳಗೆ ಕ್ಯಾಸೆಟ್ಟನ್ನು ಐದು ಸಲ ತಿರುಗಿಸಿ ಹಾಕಿದ್ದೆವು.

ಆ ಬ್ಯಾಂಡಿನ ಹುಡುಗರು ನಾಲ್ವರು. ಮನೆಯವರಿಗೆ ಗೊತ್ತಾಗದಿರಲಿ ಎಂದು ಅವರಿಗೆ ನಾವೇ ಹೆಸರಿಟ್ಟಿದ್ದೆವು. ಉದ್ದ ಕೂದಲಿನ ಹಾಡುಗಾರ ಜಡೆಯಪ್ಪ. ಗಿಟಾರಿನವರಲ್ಲಿ ಒಬ್ಬ ಕಡ್ಡಿ, ಇನ್ನೊಬ್ಬ ಮೌನಿ. ಡ್ರಮ್ ಬಾರಿಸುವವನು ಗುಂಡಣ್ಣ. ನಮ್ಮ ಅಮ್ಮ ಒಮ್ಮೆ "ಯಾರೇ ಅದು ಗುಂಡಣ್ಣ, ದಿನಾ ಅವನ ಸುದ್ದೀನೇ ಮಾತಾಡ್ತೀರಲ್ಲ?" ಎಂದು ಕೇಳಿದಾಗ ನೀನು ಕಣ್ಣು ಮಿಟುಕಿಸದೆ "ನಮ್ಮ ಲೆಕ್ಚರರು ಆಂಟಿ" ಎಂದುಬಿಟ್ಟೆ. ಪಾಪ, ಅಮ್ಮ ಪರೀಕ್ಷೆ ಮುಗಿಯುವ ತನಕ ಗುಂಡಣ್ಣನವರ ಆರೋಗ್ಯ ವಿಚಾರಿಸುತ್ತಿದ್ದರು.

ಮತ್ತೆ ಬ್ಯಾಂಡಿನದನ್ನೆಲ್ಲ ನಾವು ಕೂಡಿಡುತ್ತಿದ್ದ ಆ ಬಿಸ್ಕೆಟ್ ಡಬ್ಬ. ಒಂದು ತಿಂಗಳು ನಿಮ್ಮ ಮನೆ, ಒಂದು ತಿಂಗಳು ನಮ್ಮ ಮನೆ. ಪೇಟೆಯ ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಹಳೇ ಪತ್ರಿಕೆ ಮಾರಲು ಹರವಿಕೊಂಡು ಕೂರುತ್ತಿದ್ದ ಮುದುಕರ ಕಾಗದದ ರಾಶಿಯಲ್ಲಿ ಕೈ ಕಪ್ಪಾಗುವ ತನಕ ಹುಡುಕಿ ತಂದ ಚಿತ್ರಗಳು. ಪಿನ್ನು ಮುರಿದ ಒಂದು ಬ್ಯಾಡ್ಜು. ಮಹದೇವಣ್ಣನ ಬನಿಯನ್ ಮೇಲೆ ನೀನು ಬಟ್ಟೆಯ ಬಣ್ಣದಲ್ಲಿ ಬರೆದ ಬ್ಯಾಂಡಿನ ಗುರುತು — ಒಗೆದ ಮೇಲೆ ಅದು ಹರಡಿಕೊಂಡು ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಆದರೂ ಅಣ್ಣ ಅದನ್ನೇ ಹಾಕಿಕೊಳ್ಳುತ್ತಿದ್ದ. ಒಂದು ಆಯುಧಪೂಜೆಗೆ ನಿಮ್ಮಮ್ಮ ಸುತ್ತಿಗೆ, ಕತ್ತರಿ, ಮಚ್ಚಿನ ಜೊತೆ ಆ ಡಬ್ಬವನ್ನೂ ಇಟ್ಟು ಕುಂಕುಮ ಹಚ್ಚಿದರು. "ದಿನಾ ಮುಟ್ಟೋದೇ ಅಲ್ವೇನ್ರವ್ವಾ ಆಯುಧ?" ಎಂದರು. ಡಬ್ಬದ ಸಂದಿಯಿಂದ ಕುಂಕುಮದ ನೀರು ಇಳಿದು ಜಡೆಯಪ್ಪನ ಹಣೆಗೇ ಬಂದು ನಿಂತಿತ್ತು. ಆ ಚಿತ್ರ ಈಗಲೂ ನನ್ನ ಹತ್ತಿರ ಇದೆ.

ಇನ್ನು ಆ ಸದ್ದು.

ಕ್ಯಾಸೆಟ್ಟಿನ ಎರಡನೇ ಬದಿಯ ಕೊನೆಯ ಹಾಡು. ಹಾಡು ನಿಂತು, ಗಿಟಾರು ನಿಂತು, ಎಲ್ಲ ನಿಂತ ಮೇಲೆ — ಒಂದು ಉಸಿರಿನಷ್ಟು ಹೊತ್ತು ಬಿಟ್ಟು — ಟಕ್ ಎಂದು ಒಂದು ಸಣ್ಣ ಸದ್ದು. ಅದರ ಹಿಂದೆಯೇ ಏನೋ ಎಳೆದ ಹಾಗೆ. ಮಹದೇವಣ್ಣ ಟೇಪ್ ರೆಕಾರ್ಡರಿಗೆ ಕಿವಿ ಅಂಟಿಸಿಕೊಂಡು, "ಬಾಗ್ಲು ಕಣೇ ಅದು. ಯಾರೋ ಬಾಗ್ಲು ತೆಗುದ್ ಒಳಕ್ ಬಂದವ್ರೆ," ಎನ್ನುತ್ತಿದ್ದ. ನೀನು ಒಪ್ಪುತ್ತಿರಲಿಲ್ಲ. "ಗುಂಡಣ್ಣನ ಕೈಯಿಂದ ಕೋಲು ಬಿದ್ದದ್ದು ಅದು. ನೀನು ಕೆಪ್ಪ," ಎನ್ನುತ್ತಿದ್ದೆ. ಕೊನೆಗೆ ಪಂದ್ಯ ಕಟ್ಟಿದಿರಿ. ಸೋತವರು ಆಯುಧಪೂಜೆಯ ದಿನ ಗೆದ್ದವರ ಸೈಕಲ್ ತೊಳೆದು, ಹೂವು ಹಾಕಿ, ಒಂದು ಸುತ್ತು ತಳ್ಳಿಕೊಂಡು ಬರಬೇಕು. ನಾನು ಸಾಕ್ಷಿ.

ಆ ಆಯುಧಪೂಜೆ ಬರುವುದಕ್ಕೆ ಮೂರು ವಾರ ಇರುವಾಗ ಮಹದೇವಣ್ಣ ಹೋಗಿಬಿಟ್ಟ. ಜಾಂಡೀಸು ಎಂದರು. ನಾಟಿ ಔಷಧಿ ಎಂದರು, ಆಸ್ಪತ್ರೆ ಎಂದರು, ಹೊತ್ತು ಮೀರಿದೆ ಎಂದರು. ನಾನು ನೋಡಲು ಬಂದ ದಿನ, ಅರಿಸಿನ ಬಳಿದಂತಿದ್ದ ಕಣ್ಣುಗಳಲ್ಲೇ ನಕ್ಕು ನಿನಗೆ ಹೇಳಿದ್ದ — "ಸೈಕಲ್ ತೊಳಿಯಕ್ಕೆ ರೆಡಿಯಾಗಿರು." ನೀನು ಅಳು ನುಂಗಿಕೊಂಡು, ಬೇಕೆಂದೇ, "ಓಗೋ ಕೆಪ್ಪ," ಎಂದೆ. ನೀನು ಅವನ ಜೊತೆ ಆಡಿದ ಕೊನೆಯ ಮಾತು ಅದೇ ಆಯಿತು ಎಂದು ಆಮೇಲೆ ನೀನೇ ನನಗೆ ಹೇಳಿದೆ.

ಮೂರು ತಿಂಗಳ ನಂತರ, ಒಂದು ಭಾನುವಾರ, ನಿಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ನೀನು ಹೇಳಿದೆ, "ಅವರನ್ನೇ ಕೇಳ್ಬುಡಾಣ." ಕ್ಯಾಸೆಟ್ಟಿನ ಕಾಗದದ ಒಳಮಗ್ಗುಲಲ್ಲಿ ಅಭಿಮಾನಿಗಳು ಬರೆಯಬೇಕಾದ ವಿಳಾಸ ಇತ್ತು. ನಿನಗೆ ಇಂಗ್ಲಿಷಿನಲ್ಲಿ ಬರೆಯಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನೀನು ಕನ್ನಡದಲ್ಲಿ ಹೇಳುತ್ತಾ ಹೋದೆ — ಅಣ್ಣನ ಬನಿಯನ್, ಅಣ್ಣನ ಪಂದ್ಯ, ಅಣ್ಣನ ಸಾವು. ನಾನು ನೋಟ್‌ಬುಕ್ಕಿನಲ್ಲಿ ಕಚ್ಚಾ ಬರೆದುಕೊಂಡೆ. ಚೆನ್ನಾಗಿ ಬರೆದು ಅಂಚೆಗೆ ಹಾಕುವ ಕೆಲಸ ನನ್ನದು. ನಿಮ್ಮ ಬೀದಿಯಲ್ಲಿ ಮನೆ ನಂಬರುಗಳೇ ಗೊಂದಲ, ಆದ್ದರಿಂದ ವಿಳಾಸ ನಮ್ಮ ಕ್ವಾರ್ಟರ್ಸಿನದಿರಲಿ ಎಂದು ನೀನೇ ಹೇಳಿದೆ. ಎಷ್ಟು ನಂಬಿದ್ದೆ ನನ್ನನ್ನು.

ಮನೆಗೆ ಬಂದು ವಿದೇಶದ ಅಂಚೆಯ ನೀಲಿ ಏರೋಗ್ರಾಮಿನಲ್ಲಿ ನನ್ನ ಗುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ಬರೆದೆ. ನೀನು ಹೇಳಿದಂತೆಯೇ, ನೀನೇ ಮಾತಾಡುವಂತೆಯೇ. ಒಂದು ಮಾತನ್ನೂ ಬಿಡಲಿಲ್ಲ. ಕೆಳಗೆ ರಾಜೇಶ್ವರಿ ಎಂದು ಬರೆಯಬೇಕಾದಲ್ಲಿ ಪೆನ್ನು ನಿಂತಿತು. ಆಮೇಲೆ — ಸುಧಾ ಎಂದು ಬರೆದೆ.

ಯಾಕೆ? ಆವತ್ತು ನಾನು ನನಗೆ ಹೇಳಿಕೊಂಡದ್ದು, ಬರೆದವಳು ನಾನಲ್ಲವೇ ಎಂದು. ಅದು ಸುಳ್ಳು. ನಿಜ ಏನೆಂದರೆ ನನಗೆ ನಿಮ್ಮಿಬ್ಬರ ಮೇಲೆ ಹೊಟ್ಟೆಕಿಚ್ಚಿತ್ತು. ಕ್ಯಾಸೆಟ್ಟು ನಿಮ್ಮದು, ಪಂದ್ಯ ನಿಮ್ಮದು, ಬದನೆಕಾಯಿ ಬನಿಯನ್ ನಿಮ್ಮದು. ಕೊನೆಗೆ ದುಃಖವೂ ನಿಮ್ಮದೇ. ನಾನು ಬರೀ ಸಾಕ್ಷಿ. ಆ ನಾಲ್ವರಲ್ಲಿ ಒಬ್ಬನಾದರೂ ಒಂದು ಸಲ ನನ್ನ ಹೆಸರನ್ನು ಓದಲಿ ಎಂದು ಆಸೆಪಟ್ಟೆ. ಹೇಗಿದ್ದರೂ ಉತ್ತರ ಬರುವುದಿಲ್ಲ ಎಂದುಕೊಂಡೆ.

ಬಂತು. ಗುಂಡಣ್ಣ ಸ್ವತಃ ಕೈಯಾರೆ ಬರೆದ ಒಂದು ಪುಟ, ನಾಲ್ವರೂ ರುಜು ಮಾಡಿದ ಒಂದು ಫೋಟೋ. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಹುಚ್ಚಿಯ ಹಾಗೆ ಕುಣಿದೆ, ರಾಜಿ. ಚಪ್ಪಲಿ ಮೆಟ್ಟಿಕೊಂಡು ನಿಮ್ಮ ಮನೆಗೆ ಓಡಲು ಬಾಗಿಲವರೆಗೂ ಬಂದೆ. ಆಮೇಲೆ ಫೋಟೋದ ಮೇಲಿನ ಸಾಲು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಪ್ರೀತಿಯ ಸುಧಾಳಿಗೆ, ನಿನ್ನ ಅಣ್ಣನ ನೆನಪಿಗೆ.

ಚಪ್ಪಲಿ ಬಿಚ್ಚಿದೆ. ಆವತ್ತೇ ಬಂದು ಹೇಳಿದ್ದರೆ ನೀನು ಒಂದು ವಾರ ಮಾತು ಬಿಡುತ್ತಿದ್ದೆ, ಅಷ್ಟೇ. ನಾನು ಒಂದು ವಾರಕ್ಕೆ ಹೆದರಿದೆ. ಬೀರುವಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಲಕೋಟೆ ತೂರಿಸಿ, ಮೇಲೆ ಸೀರೆಗಳನ್ನು ಜೋಡಿಸಿಟ್ಟೆ.

ಒಂದು ವರ್ಷ ಕಾದು ನೀನು ಡಬ್ಬ ತಂದುಕೊಟ್ಟೆ. "ನೀನೇ ಇಟ್ಕೊಳೇ. ನಮ್ಮಂತೋರ್ ಕಾಗ್ದ ಅಷ್ಟ್ ದೂರ ಓಗಲ್ಲ ಬುಡು," ಎಂದೆ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ನೀನು ಆ ಹಾಡುಗಳನ್ನು ಕೇಳಲಿಲ್ಲ. ಹೊಲಿಗೆ ಕಲಿತೆ, ಮದುವೆಯಾದೆ, ತವರಿನಿಂದ ಎರಡು ಬೀದಿಯಾಚೆಯೇ ಮನೆ ಮಾಡಿದೆ. ನಾನು ಇಂಗ್ಲಿಷ್ ಟೀಚರಾದೆ. ಪತ್ರ ಬರೆದವರ ಹೆಸರು ಕೆಳಗೆ ಬಲಗಡೆ ಬರಬೇಕು ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಚಿಕ್ಕ ವಯಸ್ಸಿನ ತಪ್ಪು ಎನ್ನಬಹುದಿತ್ತು. ನಿಲ್ಲಲಿಲ್ಲ.

ಏಳೆಂಟು ವರ್ಷ ಆದ ಮೇಲೆ, ಹಳೇ ರೆಕಾರ್ಡು, ಪೋಸ್ಟರು ಕೂಡಿಡುವ ಕೆಲವರು ಜಯಲಕ್ಷ್ಮೀಪುರದ ಒಬ್ಬರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತಾರೆಂದು ತಿಳಿದು ಹೋದೆ. ಎಲ್ಲರೂ ಗಂಡಸರು. ಒಬ್ಬೊಬ್ಬರೂ ತಮ್ಮ ತಮ್ಮ ನಿಧಿ ತೆಗೆದು ತೋರಿಸುತ್ತಿದ್ದರು. ನಾನು ಮೂಲೆಯಲ್ಲಿ ಕಾಫಿ ಹಿಡಿದು ಕುಳಿತಿದ್ದೆ, ಯಾರೋ ಒಬ್ಬರ ಹೆಂಡತಿ ಎಂದುಕೊಂಡಿದ್ದರೋ ಏನೋ. ಮುಂದಿನ ವಾರ ಆ ಫೋಟೋ ತೆಗೆದುಕೊಂಡು ಹೋದೆ. ಎಲ್ಲರೂ ಕಾಫಿ ಕೆಳಗಿಟ್ಟು ಸುತ್ತ ನೆರೆದರು. ಬ್ಯಾಂಕಿನಲ್ಲಿದ್ದ ಒಬ್ಬರು ಮೇಲಿನ ಸಾಲು ಓದಿ, "ಮೇಡಂ, ನಿಮ್ಮ ಅಣ್ಣ...?" ಎಂದರು.

ನಾನು ಹೌದು ಎಂದೆ.

ಆಮೇಲೆ ಅವರು ಕೇಳಿದರು, ನಾನು ಹೇಳಿದೆ. ಬನಿಯನ್ ಹೇಳಿದೆ, ಪಂದ್ಯ ಹೇಳಿದೆ, ಹಳದಿ ಕಣ್ಣು ಹೇಳಿದೆ. "ಕೊನೆಗೆ ಅವನನ್ನು ಕೆಪ್ಪ ಅಂದುಬಿಟ್ಟೆ" ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ನಿಜವಾದ ಅಳು. ನನಗೆ ಅಣ್ಣನೇ ಇಲ್ಲ, ರಾಜಿ. ನಿನ್ನ ಬಾಯಿಂದ ಬಂದ ಸಂಕಟವನ್ನು ನಾನು ಪರರ ಮನೆಯ ಸೋಫಾದ ಮೇಲೆ ಕುಳಿತು ನನ್ನದೆಂದು ಹಂಚಿದೆ. ಎರಡು ವರ್ಷ ಅಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಆಮೇಲೆ ಆ ಗುಂಪು ತಾನಾಗಿಯೇ ಚದುರಿಹೋಯಿತು. ಕ್ಯಾಸೆಟ್ಟುಗಳ ಕಾಲವೇ ಮುಗಿದಿತ್ತು. ನನ್ನ ಡಬ್ಬದಲ್ಲಿ ಈಗ ಟೇಪುಗಳಿಗೆ ಬೂಷ್ಟು ಹಿಡಿದಿದೆ, ತೆರೆದರೆ ಕೆಮ್ಮು ಬರುತ್ತದೆ. ಕೂಡಿಟ್ಟದ್ದು ಏನಕ್ಕೆ ಎಂದು ಒಂದೊಂದು ಸಲ... ಹೋಗಲಿ.

ಮೊನ್ನೆ ಮಾರ್ಕೆಟ್ಟಿನಲ್ಲಿ ನೀನು ಸಿಕ್ಕೆ. ಹಬ್ಬದ ಗದ್ದಲ. ನೀನು ಕಂಕುಳಲ್ಲಿ ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತಿದ್ದೆ. ನಿನ್ನ ಮಗಳು ಆ ಹಾಡನ್ನು ಎಲ್ಲಿಂದಲೋ ಮೊಬೈಲಿಗೆ ಹಾಕಿಸಿಕೊಂಡು ಬಂದು ಕೇಳಿಸಿದಳಂತೆ.

"ಕೊನೇಲಿ ಆ ಸದ್ದು ಅಂಗೇ ಐತೆ ಕಣೇ," ಎಂದೆ ನೀನು. "ಅಮ್ಮ ಈಗ್ಲೂ ಅಣ್ಣನ ಸೈಕಲ್ಗೆ ಕುಂಕುಮ ಇಕ್ತದೆ. ನಾನು ಮಾತ್ರ ಅದನ್ನ ಮುಟ್ಟಿಲ್ಲ. ಸೋತ್ನೋ ಗೆದ್ನೋ ಗೊತ್ತಾಗ್ದೆ ಎಂಗೆ ತೊಳೀಲಿ?" ಕಾಯಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಹೇಳಿದೆ, "ಸೋತಿದ್ರೆ ಚೆನ್ನಾಗಿತ್ತು. ಸೋತೆ ಕಣಣ್ಣ ಅಂತ ಒಂದು ಸಲ ಹೇಳ್ಬೋದಿತ್ತು ಅವನ್ಗೆ. ಕೆಪ್ಪ ಅಂದ್ಬುಟ್ಟೆನಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನೀನು ಯಾರನ್ನೂ ಕಳ್ಳಿ ಎನ್ನಲಿಲ್ಲ. ಆದರೂ ನನ್ನ ಕೈ ತಾನಾಗಿ ಹೆಗಲಿನ ಬ್ಯಾಗಿಗೆ ಹೋಯಿತು. "ಬಸ್ಸು ಬಂತು" ಎಂದು ಹೇಳಿ ನಾನು ಹೊರಟುಬಿಟ್ಟೆ. ಬಸ್ಸು ಬಂದಿರಲಿಲ್ಲ.

ನನಗೆ ಸಾಕಾಗಿದೆ. ಒಂದು ತೆಳ್ಳಗಿನ ಲಕೋಟೆಯನ್ನು ಇಷ್ಟು ವರ್ಷ ಕಾಯುವುದು ಇಷ್ಟು ದಣಿವಿನ ಕೆಲಸ ಎಂದು ಗೊತ್ತಿರಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಇನ್ನೊಂದು ಸಲ ನಿನ್ನಿಂದ ಕಿತ್ತುಕೊಂಡ ಹಾಗೆ. ನಾಳೆ ಆಯುಧಪೂಜೆ. ಬೆಳಿಗ್ಗೆ ಬಂದು ಡಬ್ಬ, ಆ ಲಕೋಟೆ, ಈ ಕಾಗದ ಮೂರನ್ನೂ ನಿನ್ನ ಕೈಗೆ ಕೊಡುತ್ತೇನೆ. ಕೂರು ಎಂದರೆ ಕೂರುತ್ತೇನೆ. ನಡಿ ಎಂದರೆ ನಡೆಯುತ್ತೇನೆ.

ಗುಂಡಣ್ಣನ ಪತ್ರವನ್ನು ಕೆಳಗೆ ಕನ್ನಡಕ್ಕೆ ಮಾಡಿದ್ದೇನೆ. ಆವತ್ತಿನ ಹಾಗೆಯೇ, ಒಂದು ಮಾತನ್ನೂ ಬಿಟ್ಟಿಲ್ಲ. ಹೆಸರೊಂದನ್ನು ಮಾತ್ರ ಸರಿ ಮಾಡಿದ್ದೇನೆ.

"ಪ್ರೀತಿಯ ರಾಜೇಶ್ವರಿ, ನಿನ್ನ ಅಣ್ಣನ ಸುದ್ದಿ ಓದಿ ನಾವು ನಾಲ್ವರೂ ಆ ಹಾಡನ್ನು ಮತ್ತೆ ಹಾಕಿ ಕೊನೆಯವರೆಗೂ ಕೇಳಿದೆವು. ಅದನ್ನು ನನ್ನ ಅಜ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು. ಹಾಡು ಮುಗಿಯಿತೆಂದು ತಿಳಿದು ಅಜ್ಜಿ ನಮ್ಮನ್ನು ಊಟಕ್ಕೆ ಕರೆಯಲು ಬಂದಳು. ನೀವು ಕೇಳಿದ ಸದ್ದು ಅವಳು ಬಾಗಿಲು ತೆಗೆದದ್ದು. ಅಜ್ಜಿ ಈಗಿಲ್ಲ, ಅದಕ್ಕೇ ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಇದುವರೆಗೆ ಯಾರೂ ಅದನ್ನು ಗುರುತಿಸಿ ಕೇಳಿರಲಿಲ್ಲ. ನಿನ್ನ ಅಣ್ಣನ ಕಿವಿ ಬಲು ಚುರುಕು."

ನೀನು ಸೋತಿದ್ದೆ, ರಾಜಿ. ಅವತ್ತೇ ಸೋತಿದ್ದೆ.