ತಡವಾಗಿ ನಗುವವಳು

ಮನೆಯಲ್ಲಿ ಎಲ್ಲರೂ ನನ್ನನ್ನು ಗಂಭೀರ ಹುಡುಗಿ ಎನ್ನುತ್ತಿದ್ದರು. ಎಂ.ಎ. ಓದಿದ್ದರಿಂದ ಹೀಗಾಗಿದೆ ಎಂಬುದು ಅವರ ತೀರ್ಮಾನ. ಕಾರಣ ಬೇರೆಯೇ ಇತ್ತು: ಜೋರಾಗಿ ನಕ್ಕರೆ ನನಗೆ ಸ್ವಲ್ಪ ಮೂತ್ರ ಸೋರುತ್ತಿತ್ತು. ಸೀನಿದರೂ ಅಷ್ಟೇ. ಇಂಥ ತೊಂದರೆ ಇರುವವರು ಬ್ಯಾಡಗಿಯಲ್ಲಿ ಹುಟ್ಟಬಾರದು. ಪೇಟೆಗೆ ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ನಮ್ಮ ಓಣಿಯ ಬೆಕ್ಕೂ ಸೀನುತ್ತದೆ.

ಸೀನಿಗಿಂತ ದೊಡ್ಡ ಅಪಾಯ ಅತ್ತೆ. ಅಪ್ಪನ ತಂಗಿ, ಎರಡು ಮನೆ ಆಚೆ ಇರುವವಳು. ಅವಳು ಕತೆ ಶುರು ಮಾಡಿದರೆ, ನಗು ಬರದಿರಲೆಂದು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಿದ್ದೆ. ವರ್ಷಕ್ಕೊಮ್ಮೆ ಎಲ್ಲರೂ ಒಂದೇ ಗಾಡಿಯಲ್ಲಿ ಗಳಗನಾಥಕ್ಕೆ ಹೋಗಿ, ಹೊಳೆಯ ದಂಡೆಯಲ್ಲಿ ಬುತ್ತಿ ಉಂಡು ಬರುವ ವಾಡಿಕೆ. ಅಷ್ಟು ಹೊತ್ತು ಅತ್ತೆಯ ಪಕ್ಕ ಕೂರುವ ಧೈರ್ಯವಿಲ್ಲದೆ ಮೂರು ವರ್ಷ ನೆಪ ಹೇಳಿದ್ದೆ: ತಲೆನೋವು, ಕಾಲೇಜಿನ ಉತ್ತರಪತ್ರಿಕೆ, ಮತ್ತೆ ತಲೆನೋವು. ಆ ಹೊಳೆ ನನಗೆ ಬಹಳ ಇಷ್ಟ. ನಾಲ್ಕನೆಯ ವರ್ಷ ಹೋಗಲೇಬೇಕೆಂದು ನಿಶ್ಚಯಿಸಿದೆ.

ಡಾಕ್ಟರನ್ನು ರಾಣೆಬೆನ್ನೂರಿನಲ್ಲಿ ಹುಡುಕಿದೆ. ಹಾವೇರಿಯಲ್ಲಿ ನಾನು ಪಾಠ ಮಾಡುವ ಕಾಲೇಜಿದೆ. ಬ್ಯಾಡಗಿಯಲ್ಲಿ ನಾನು ಯಾವ ಸೋಪು ಕೊಂಡೆನೆಂಬುದು ನನಗಿಂತ ಮೊದಲು ಮನೆ ಮುಟ್ಟಿರುತ್ತದೆ. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡು ಕೇಳಿದರು.

"ನೀರು ಎಷ್ಟ ಕುಡೀತೀರಿ?"

"ಅಂಜಿ ಕುಡಿಯೂದ ಬಿಟ್ಟೇನ್ರಿ."

"ಅದ ತಪ್ಪು. ನೀರು ಕುಡೀರಿ, ಚಾ ಕಡಿಮಿ ಮಾಡ್ರಿ."

ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಹಿಡಿಯಬಾರದು. ಸೀನೋ ನಗುವೋ ಬರುವ ಸುಳಿವು ಸಿಕ್ಕರೆ ಮೊದಲು ಬಿಗಿ, ಆಮೇಲೆ ನಗು.

ಹಾವೇರಿ ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಯಾರಿಗೂ ತಿಳಿಯದ ವ್ಯಾಯಾಮ ಎಂದು ಡಾಕ್ಟರಮ್ಮ ಹೇಳಿದ್ದರು. ಮೂರನೆಯ ದಿನವೇ ಕಂಡಕ್ಟರ್ ಬಗ್ಗಿ ಕೇಳಿದ: "ವಾಂತಿ ಬರಾಕತ್ತೈತೇನ್ರಿ ಮೇಡಂ? ಕಿಡಕಿ ಕಡೆ ಸರೀರಿ."

ಮುಖ ಸುಮ್ಮನಿಡುವುದನ್ನೂ ಕಲಿತೆ. ಮೂರು ತಿಂಗಳಲ್ಲಿ ಸೋರುವುದು ಬಹುಮಟ್ಟಿಗೆ ನಿಂತಿತು. ಧೈರ್ಯ ಮಾಡಿ ಒಂದು ಸಂಜೆ ಅತ್ತೆಯ ಕತೆಗೆ ಕೂತೆ. ಅವಳ ಗಂಡ, ನಮ್ಮ ಮಾಮ, ಮೆಣಸಿನಕಾಯಿ ವ್ಯಾಪಾರಿ.

"ಬ್ಯಾಡಗಿ ಕಾಯಿ ಬರೇ ಬಣ್ಣಕ್ಕ, ಖಾರ ಇರೂದಿಲ್ಲ ಅಂತ ನಿಮ್ಮ ಮಾಮ ಊರಿಗೆಲ್ಲಾ ಹೇಳ್ತಿದ್ರು. ಮೊನ್ನಿ ಸೀನಿದ್ರು ನೋಡ್ರಿ, ಹಲ್ಲಿನ ಸೆಟ್ಟು ಹೋಗಿ ಕಾಯಿ ಚೀಲದಾಗ ಬಿತ್ತು. ಧೋತರದಾಗ ಒರಸಿ ಬಾಯಾಗ ಇಟ್ಕೊಂಡ್ರು. ಅವತ್ತಿನಿಂದ ಹೇಳೂದು ಬಿಟ್ಟಾರ!"

ಎಲ್ಲರೂ ನಕ್ಕರು. ನಾನು ಬಿಗಿಹಿಡಿದೆ, ಸಿದ್ಧಳಾದೆ, ನಕ್ಕೆ. ಅಷ್ಟರಲ್ಲಿ ಉಳಿದವರ ನಗು ಮುಗಿದಿತ್ತು.

"ಈಕಿಗೆ ಈಗ ತಿಳೀತ ನೋಡ್ರಿ!" ಎಂದು ಅತ್ತೆ, ಹಲ್ಲು ಹೇಗೆ ಬಿತ್ತೆಂಬುದನ್ನು ನನಗಾಗಿ ಇನ್ನೊಮ್ಮೆ ನಿಧಾನವಾಗಿ ವಿವರಿಸಿದಳು. ಗಂಭೀರ ಹುಡುಗಿ ಒಂದೇ ವಾರದಲ್ಲಿ ಮಂದ ಹುಡುಗಿಯಾದಳು. ಕೊನೆಗೆ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ಖರೇ ಹೇಳು ತಂಗಿ, ಕಿವಿ ಮಂದ ಅದಾವೇನು?"

ನಿಜ ಹೇಳಿದೆ. ಅವಳು ನಗಲಿಲ್ಲ. ಬಾಗಿಲು ಓರೆ ಮಾಡಿ, ದನಿ ತಗ್ಗಿಸಿದಳು.

"ಸಣ್ಣಾಂವನ್ನ ಹಡದಾಗಿಂದ ನಂದೂ ಅದ ಪಾಡು. ಹಳೇ ಸೀರಿ ಮಡಚಿ ಇಟ್ಕೊಂಡ ಮಂದೀನ ನಗಸ್ತೇನಿ."

"ಇಷ್ಟ ವರ್ಷ ಡಾಕ್ಟರ್ ಕಡೆ ಯಾಕ ಹೋಗ್ಲಿಲ್ಲ ಅತ್ತಿ?"

"ಏನಂತ ಹೇಳ್ಲಿ? ನಗಿ ಬರತೈತ್ರಿ ಅಂತನಾ?"

ಮರುವಾರ ಇಬ್ಬರೂ ರಾಣೆಬೆನ್ನೂರಿಗೆ ಹೋದೆವು. ಸೀರೆ ನೋಡಲು ಎಂದು ಮನೆಯಲ್ಲಿ ಹೇಳಿದ್ದರಿಂದ ಒಂದು ಸೀರೆಯನ್ನೂ ತರಬೇಕಾಯಿತು.

ಅತ್ತೆಯೂ ಮೂರು ತಿಂಗಳು ವ್ಯಾಯಾಮ ಮಾಡಿದ ಮೇಲೆ ಬಂದ ಗಳಗನಾಥದ ದಿನ ನಾವಿಬ್ಬರೂ ಹಿಂದಿನ ಸೀಟಿನಲ್ಲಿದ್ದೆವು. ಮಾಮ ಗಾಡಿ ಓಡಿಸುತ್ತ ಹಲ್ಲಿನ ಕತೆಗೆ ಸೇಡು ತೀರಿಸಿಕೊಂಡರು.

"ಈಕಿ ಮೊದಲನೇ ಸಲ ವಿಡಿಯೋ ಕಾಲ್ ಮಾಡಿದಾಗ, ಬೀಗರು ಕಂಡ್ರಂತ ಫೋನಿನ ಮುಂದ ಚಾ ತಂದಿಟ್ಟಿದ್ಲು!"

ಮುಂದಿನವರು ಬಿದ್ದು ಬಿದ್ದು ನಕ್ಕರು. ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಇಬ್ಬರೂ ನೇರ ನೋಡುತ್ತ ಕೂತೆವು. ನಗು ಪೂರ್ತಿ ಅಡಗಿ ಗಾಡಿ ಶಾಂತವಾದಾಗ ನಾವಿಬ್ಬರೂ ಒಟ್ಟಿಗೆ ಹೋ ಎಂದು ನಕ್ಕೆವು.

ಮಾಮ ಕನ್ನಡಿಯಲ್ಲಿ ನೋಡಿದರು. "ಏನ್ರವಾ, ಹಿಂದಿನ ಸೀಟಿಗೆ ಲೇಟ್ ಮುಟ್ಟತೈತೇನು?"

ಗಳಗನಾಥ ಮುಟ್ಟಿದಾಗ ಇಬ್ಬರೂ ಒಣಗಿಯೇ ಇದ್ದೆವು. ಇಳಿದವರೇ ನೇರ ಹೊಳೆಗೆ ಹೋಗಿ, ಮೊಣಕಾಲವರೆಗೆ ನೆನೆದೆವು.