ನೀಲಿ ಕಿಂಡಿಯಲ್ಲಿ ಉಳಿದ ವಿಭೂತಿ

ರೇಶ್ಮಾ, ಅಂದು ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ. ಕಂಪ್ಯೂಟರಿನ ಹಿಂದೆ ವೈರು ನೀಲಿ ಕಿಂಡಿಯಲ್ಲಿ ಇರಲಿಲ್ಲ. ಪಕ್ಕದ ಕರೀ ಕಿಂಡಿಯಲ್ಲಿತ್ತು. ಅಲ್ಲಿ ಹಾಕಿದವಳೂ ನಾನೇ.

ಆ ವರ್ಷ ದಸರೆಯ ಖಂಡೆ ಪೂಜೆಗೆ ಕುಡಗೋಲು, ಈಳಿಗೆ, ಹೊಲಿಗೆ ಮಷೀನು ಎಲ್ಲಕ್ಕೂ ವಿಭೂತಿ ಹಚ್ಚಿ ಹೂವು ಏರಿಸಿದ್ದೆ. ಉಳಿದದ್ದು ಸೊಸೆ ಸುನೀತಾಳ ಕಂಪ್ಯೂಟರ್. ಮದುವೆ ವಿಡಿಯೊ ಕತ್ತರಿಸಿ ಜೋಡಿಸುವ ಅವಳ ಕೆಲಸವೆಲ್ಲ ಅದರಲ್ಲೇ. "ಅತ್ತಿ, ಅದಕ್ಕೇನೂ ಹಚ್ಚಬ್ಯಾಡ್ರಿ, ಸಂದ್ಯಾಗ ಹೋಗತೈತಿ," ಅಂದಿದ್ದಳು. ಹೂಂ ಅಂದೆ. ಆದರೆ ಅನ್ನ ಕೊಡುವ ವಸ್ತುವನ್ನು ಅಂಥ ದಿನ ಬರಿಹಣೆಯಲ್ಲಿ ಬಿಡಲು ಮನಸ್ಸು ಒಪ್ಪಲಿಲ್ಲ. ಮುಂದೆ ಹಚ್ಚಿದರೆ ಅವಳಿಗೆ ಕಾಣುತ್ತದೆಂದು — ಹಿಂದೆ ಹಚ್ಚಿದೆ. ದೇವರಿಗೂ ಆಯಿತು, ಸೊಸೆಗೂ ಆಯಿತು ಅಂದುಕೊಂಡೆ. ನೋಡು ನನ್ನ ಜಾಣತನ.

ವೈರು ಕಿತ್ತು, ಧೂಳು ಒರೆಸಿ, ಒದ್ದೆ ವಿಭೂತಿ ಎಳೆದಾಗ ಒಂದಿಷ್ಟು ಕಿಂಡಿಯೊಳಗೆ ಸೇರಿತು. ತಲೆಯ ಪಿನ್ನಿನಿಂದ ಕೆದಕಿದೆ. ಇನ್ನೂ ಒಳಗೆ ಹೋಯಿತು. ವೈರು ಕೂಡಲಿಲ್ಲ. ಬಾಜೂಕ ಅಂಥದ್ದೇ ಇನ್ನೊಂದು ಕಿಂಡಿ ಕಂಡಿತು, ಅದರಲ್ಲಿ ಹಾಕಿದೆ. ದೀಪ ಹತ್ತಿತು. ಕಿಂಡಿಯ ಬಣ್ಣಕ್ಕೂ ಅರ್ಥವಿರುತ್ತದೆಂದು ನನಗೇನು ಗೊತ್ತು — ಅಲ್ಲಿಯವರೆಗೆ ಅದು ಬರೀ ತಪ್ಪು, ಸುಳ್ಳಲ್ಲ.

ಮರುದಿನದಿಂದ, ನಿನ್ನ ಅಂಗಡಿಯಲ್ಲಿ ಕೊಂಡಿದ್ದ ಆ ಎಸ್‌ಎಸ್‌ಡಿ — ವಿಡಿಯೊ ತುಂಬಿಡುವ, ಆ ವೈರಿನ ತುದಿಯ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ — ತೆವಳತೊಡಗಿತು. ಅದರ ಮೇಲೆ ಬರೆದ ವೇಗದ ಹತ್ತರಲ್ಲೊಂದು ಪಾಲೂ ಬರುತ್ತಿಲ್ಲವೆಂದು ಸುನೀತಾ ಪೇಚಾಡಿದಳು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು, ಬೇಡದ್ದೆಲ್ಲ ಅಳಿಸಿದಳು. ಕೊನೆಗೆ ನಿನಗೆ ಫೋನು ಮಾಡಿ, ನನಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಡಬ್ಬಿಗೇನೂ ಆಗಿರೂದಿಲ್ಲಲೇ ಸುನಿ. ಹಿಂದ ನೀಲಿ ಕಿಂಡ್ಯಾಗ ಐತೋ, ಕರೇದ್ರಾಗ ಐತೋ ನೋಡು. ಕರೇದು ಹಳೇದು, ಅದರಾಗ ಹಾಕಿದ್ರ ಎಂಥಾ ಡಬ್ಬಿನೂ ಕುಂಟತೈತಿ."

ಅವಳು ತುಂಬಿದ ಬಸುರಿ, ಬಗ್ಗುವಂತಿರಲಿಲ್ಲ. ನಾನು ಬಗ್ಗಿದೆ. ಕರೀ ಕಿಂಡಿ. ಪಕ್ಕದ ನೀಲಿಯೊಳಗೆ ಬೆಳ್ಳಗೆ ವಿಭೂತಿ.

"ನೀಲಿಯೊಳಗ ಐತವಾ," ಅಂದೆ.

ಯಾಕೆ? ಸೊಸೆಯ ಮಾತು ಮೀರಿದ್ದು ಬಯಲಾಗುತ್ತದೆಂಬ ನಾಚಿಕೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ — ಸಿಕ್ಕಿಲ್ಲ.

ಮಾರನೆಯ ದಿನ ಅವಳ ಜೊತೆ ನಿನ್ನ ಅಂಗಡಿಗೆ ನಾನೂ ಬಂದೆ. ನಿನ್ನ ಕಂಪ್ಯೂಟರಿಗೆ ಹಚ್ಚಿದಾಗ ಡಬ್ಬಿ ಸರಾಗ ಓಡಿತು.

"ನಿನ್ನ ಕಡೆ ಓಡತೈತಿ, ನನ್ನ ಕಡೆ ಕುಂಟತೈತಿ? ಡುಪ್ಲಿಕೇಟ್ ಮಾಲ್ ಕೊಟ್ಟು ಆಟಾ ಆಡಾಕತ್ತೀಯೇನ್ಲೇ?"

"ಇನ್ನೊಮ್ಮೆ ವೈರ್ ನೋಡಲೇ ಸುನಿ —"

"ನಮ್ಮತ್ತಿ ನೋಡ್ಯಾರ. ಪೂಜಿ ಆಗೂತನಕ ನೀರು ಮುಟ್ಟೂದಿಲ್ಲ ಅವರು. ನಮ್ಮತ್ತಿ ಸುಳ್ಳು ಹೇಳ್ತಾರೇನು?"

ನೀನು ನನ್ನ ಮುಖ ನೋಡಿದೆ. ಗಿರಾಕಿಗಳೂ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಒಂದೇ ಬುತ್ತಿಯಲ್ಲಿ ರೊಟ್ಟಿ ಹಂಚಿಕೊಂಡು ಶಾಲೆ ಕಲಿತವರು ನೀವಿಬ್ಬರು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಊರೆಲ್ಲ ಬಂತು, ನಿನ್ನನ್ನು ಕರೆಯಲಿಲ್ಲ.

ಹೆರಿಗೆಗೆ ಅವಳು ತವರಿಗೆ ಹೋದಾಗ ಮೇಜು ಎಳೆದು ನೋಡಿದೆ. ಕೆಳಗೆ ಇನ್ನೊಂದು ನೀಲಿ ಕಿಂಡಿ ಇತ್ತು. ವೈರು ಅದಕ್ಕೆ ಹಾಕಿದೆ. ಅಷ್ಟೇ ಕೆಲಸ. ಅವಳು ಬಂದು ಕೂತಾಗ ಡಬ್ಬಿ ಓಡಿತು. "ಡುಪ್ಲಿಕೇಟ್ ಮಾಲೂ ಓಡಾಕತ್ತೈತಿ ನೋಡ್ರಿ ಅತ್ತಿ, ನಿಮ್ಮ ಪೂಜಿ ಪುಣ್ಯ!" ಎಂದು ನಕ್ಕಳು. ನಾನೂ ನಕ್ಕೆ. ನನ್ನ ಸುಳ್ಳನ್ನು ಶಿವನ ಹೆಗಲಿಗೆ ಏರಿಸಿ — ನಕ್ಕೆ.

ಶಿವ ಕಡಿಮೆ ಮಾಡಿಲ್ಲ. ನಳಕ್ಕೆ ನೀರು ಬರುತ್ತದೆ. ಹಿತ್ತಲಿನ ಮಲ್ಲಿಗೆ ಪೂಜೆಗೆ ಸಾಲುತ್ತದೆ. ಮೊಮ್ಮಗಳು ನನ್ನ ಬಟ್ಟಲಿನಿಂದಲೇ ಮೊಸರು ತಿನ್ನುತ್ತಾಳೆ. ಮಲಗುವಾಗ ಇವನ್ನೆಲ್ಲ ನೆನೆದು ಕೈಮುಗಿಯುತ್ತೇನೆ. ನೆನೆಯುತ್ತ ಹೋದಂತೆ ನಿನ್ನ ಮುಖ ಬರುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ.

ಮೊನ್ನೆ ಕುಂದಗೋಳದ ಬಸ್ಸಿನಲ್ಲಿ ನೀನು ಎದ್ದು ನನಗೆ ಜಾಗ ಕೊಟ್ಟೆ. "ಕುಂಡ್ರಿ ಅತ್ತಿ. ಇಕಿ ಸುನೀ ಮಗಳೇನ್ರಿ? ಅಗದಿ ಆಕಿ ಮೂಗ!" ಅಂದು ಕೂಸಿನ ಗಲ್ಲ ಹಿಡಿದೆ. ನನ್ನ ಮೇಲೆ ಸಿಟ್ಟೇ ಇರಲಿಲ್ಲ ನಿನಗೆ. ಬೈದಿದ್ದರೆ ಇನ್ನೂ ಕೆಲವು ವರ್ಷ ಸುಮ್ಮನಿರುತ್ತಿದ್ದೆನೋ ಏನೋ —

ಇವತ್ತು ಪೂಜೆ ಮುಗಿಸಿ ಸುನೀತಾಳಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ, ಕಂಪ್ಯೂಟರಿನ ಹಿಂದೆ ಬಗ್ಗಿ ಆ ನೀಲಿ ಕಿಂಡಿ ನೋಡಿದಳು. ಆಮೇಲೆ, "ನಾ ಆಕಿಗೆ ಏನಂದಿದ್ನಿ, ನೆನಪೈತೇನ್ರಿ ನಿಮಗ?" ಅಂದಳು.

ಐತಿ.

ನಾಳೆ ಅಂಗಡಿಗೆ ಬರುತ್ತೇವೆ, ಇಬ್ಬರೂ. ಗಿರಾಕಿಗಳಿದ್ದರೆ ಇರಲಿ. ಅವಳು ಅಂದು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನೀನಾಗಿರಲಿಲ್ಲ. ಅದೇ ಜಾಗದಲ್ಲಿ ನಿಂತು ನಾನೇ ಹೇಳುತ್ತೇನೆ: ಹೌದವಾ, ಸುಳ್ಳು ಹೇಳಿದ್ದೆ.